ಚರಟವಿಲ್ಲದ ಬಟ್ಟಲು

ಬಟ್ಟಲನ್ನು ತಟ್ಟೆಯ ಮೇಲೆ ಬೋರಲು ಹಾಕಿ ಅಕ್ಕನ ಕಡೆ ಸರಿಸಿದ ಮೇಲೆ ಫಿಕ್ರಿಗೆ ನೆನಪಾಯಿತು, ಈ ವರ್ಷ ತಾನು ಕುಡಿದದ್ದು ಕಾಫಿಯಲ್ಲ. ಹೃದಯದ ಆಪರೇಷನ್ನಿಗೆ ಎದೆ ಕೊಯ್ದ ಮೇಲೆ ಡಾಕ್ಟರು ಕಾಫಿ ಬಿಡಿಸಿ ಸೋಂಪಿನ ಕಷಾಯ ಹಿಡಿಸಿದ್ದರು.

ಫುಟ್‌ಬಾಲ್ ಸೀಸನ್ ಶುರುವಾಗುವ ಬೆಳಿಗ್ಗೆ, ಅಲೆಕ್ಸಾಂಡ್ರಿಯದ ಈ ಬಾಲ್ಕನಿಯಲ್ಲಿ, ದೌಲತ್ ತಮ್ಮನ ಬಟ್ಟಲಿನೊಳಗೆ ಅಂಟಿದ ಕಾಫಿ ಚರಟದ ಆಕಾರಗಳಲ್ಲಿ ಭವಿಷ್ಯ ನೋಡುವುದು ನಲವತ್ತು ವರ್ಷಗಳ ಪದ್ಧತಿ. ಹಕ್ಕಿ, ಏಣಿ, ಮೀನು ಎಲ್ಲ ಕಂಡು, ಕೊನೆಗೆ "ಕಪ್ ನಮ್ದೇ ಕಣೋ" ಅನ್ನುತ್ತಿದ್ದಳು. ಇವರ ಮೆಚ್ಚಿನ ಬಂದರಿನ ತಂಡ ಕಪ್ ಗೆದ್ದದ್ದು ಮಾತ್ರ ಒಂದೇ ಸಲ, ಇವರಿಬ್ಬರೂ ಎಳೆಯರಿದ್ದಾಗ. ಅಂದು ಅಪ್ಪ ಇಬ್ಬರನ್ನೂ ಎರಡು ಹೆಗಲ ಮೇಲೆ ಕೂರಿಸಿಕೊಂಡು ಕಡಲ ದಂಡೆಯುದ್ದಕ್ಕೂ ಕುಣಿದಿದ್ದ.

ದೌಲತ್ ಬಟ್ಟಲೆತ್ತಿ ಕನ್ನಡಕ ಸರಿಮಾಡಿಕೊಂಡಳು. ಒಳಗೆ ಬರೀ ಬಿಳಿ ಪಿಂಗಾಣಿ.

"ಬಿಡಕ್ಕಾ, ಖಾಲಿ ಅದು. ನನ್ನ ಹಣೆಬರಹನೂ ಅಷ್ಟೇ. ಫೈನಲ್ ಹೊತ್ತಿಗೆ ನಾನಿರ್ತೀನೋ ಇಲ್ವೋ."

"ಬಾಯ್ಮುಚ್ಚೋ ಕತ್ತೆ! ನಲವತ್ತು ವರ್ಷ ಈ ಹಾಳು ಚರಟಾನೇ ಅಡ್ಡ ಬರ್ತಿತ್ತು." ಅವಳು ಬಟ್ಟಲನ್ನು ಬಿಸಿಲಿಗೆ ಹಿಡಿದಳು. "ಈಗ ನೋಡು, ದಾರಿ ಎಷ್ಟು ಚೊಕ್ಕಟ! ಗೋಲ್‌ಕೀಪರೂ ಇಲ್ಲ."

ಫಿಕ್ರಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. "ಎಷ್ಟು ಗೋಲು? ಸರಿಯಾಗಿ ನೋಡಿ ಹೇಳಕ್ಕಾ."