ಹದಿನಾರರಲ್ಲಿ ಒಂದು ಗೊರಸು

“ಹದಿನಾರರಲ್ಲಿ ಅಸಲಿ ಯಾವುದು, ಹೇಳು,” ಎಂದ ಮ್ಯೂಸಿಯಂ ಮುಖ್ಯಸ್ಥ, ನೆಲದ ಮೇಲೆ ಮಂಡಿಯೂರಿ.

“ಈಗ ಎಲ್ಲಾ ಒಂದೇ ಥರ ಕಾಣ್ತಿದೆ, ಭಾವ.” ಭಾಮೈದನ ಕೈಯಲ್ಲಿ ಇನ್ನೂ ಕುಂಚವಿತ್ತು.

“ಆಫೀಸಲ್ಲಿ ಭಾವ ಅನ್ಬೇಡ.”

ಎದುರಿಗೆ ನಿಂತಿದ್ದದ್ದು ಮೆಸೊನಿಕ್ಸ್‌ನ ಅಸ್ಥಿಪಂಜರ. ಕೋಟ್ಯಂತರ ವರ್ಷಗಳ ಹಿಂದೆಯೇ ನಿರ್ವಂಶವಾದ ಮೃಗ. ಬಾಯಿ ತೋಳದ್ದು, ಕಾಲಿಗೆ ನಾಲ್ಕರಂತೆ ಬೆರಳು ಬೆರಳಿಗೂ ಗೊರಸು. ಮಾಂಸ ತಿನ್ನುವ ಆಡು ಎಂದು ನೋಡಲು ಬಂದವರು ನಗುತ್ತಿದ್ದರು. ಇಡೀ ಮೃಗದಲ್ಲಿ ನಿಜವಾದ ಪಳೆಯುಳಿಕೆ ಒಂದೇ ಒಂದು ಗೊರಸು, ಮಿಕ್ಕಿದ್ದೆಲ್ಲ ಪ್ಲಾಸ್ಟರ್. ಅಸಲಿ ಕಂದು, ನಕಲಿ ಬಿಳಿ, ಅದು ಕಸುಬಿನ ನಿಯಮ. ಭಾಮೈದ ಎಲ್ಲಕ್ಕೂ ಕಂದು ಬಳಿದುಬಿಟ್ಟಿದ್ದ.

“ಯಾಕೋ ಬಳಿದೆ?”

“ಒಂದೇ ಒಂದು ಕಂದು ಇದ್ರೆ ಕೊಳೆ ಅಂದ್ಕೋತಾರೆ.”

“ದಿನಾ ಧೂಳು ಒರೆಸೋನು ನೀನು. ನೆನಪಿಲ್ವಾ?”

“ಹನ್ನೆರಡು ವರ್ಷದಲ್ಲಿ ನೀವೂ ಒಂದ್ಸಲ ಬಗ್ಗಿ ನೋಡಿದ್ರೆ ನಿಮಗೂ ನೆನಪಿರ್ತಿತ್ತು.”

ಆ ಗೊರಸನ್ನು ನೋಡಲೆಂದೇ ಹನ್ನೊಂದು ಗಂಟೆಗೆ ಪಳೆಯುಳಿಕೆ ಪಂಡಿತರು ಬರುವವರಿದ್ದರು. ಮುಖ್ಯಸ್ಥ ಜೇಬಿನಿಂದ ಬೀಗದ ಕೈ ತೆಗೆದ. “ಕೆರೆದು ನೋಡ್ತೀನಿ.”

ಭಾಮೈದ ಅವನ ಕೈ ಹಿಡಿದ. “ಅಸಲಿಗೇ ಗೀರು ಬಿದ್ರೆ ಪಂಡಿತರಿಗೆ ಏನಂತೀರಾ?”

ಮುಖ್ಯಸ್ಥ ಬೀಗದ ಕೈ ಜೇಬಿಗೆ ಹಾಕಿದ. “ಅವರು ಗುರುತು ಹಿಡೀಲಿಲ್ಲಾಂದ್ರೆ ಇವತ್ತೇ ನಿನ್ನ ಕೆಲಸ ಹೋಯ್ತು. ನಿನ್ನಕ್ಕ ಅತ್ರೂ ಅಷ್ಟೇ.”

“ಅಕ್ಕ ಅಳಲ್ಲ. ನಿಮ್ಮನ್ನ ಅಳಿಸ್ತಾಳೆ.”

ಪಂಡಿತರು ಬಂದರು. ವಿಷಯ ಕೇಳಿ ನಕ್ಕರು. “ಬಣ್ಣ ಬಳಿದ್ರೇನು, ಕಣ್ಣಿರೋರಿಗೆ ಗೊತ್ತಾಗುತ್ತೆ.” ಕರವಸ್ತ್ರ ಹಾಸಿ, ಬೋರಲು ಮಲಗಿ, ಭೂತಗನ್ನಡಿ ಹಿಡಿದು ಒಂದೊಂದೇ ಗೊರಸು ನೋಡತೊಡಗಿದರು. ಭಾಮೈದ ಗೋಡೆ ನೋಡುತ್ತ ನಿಂತ.

ಒಂಬತ್ತನೆಯದರ ಬಳಿ ಪಂಡಿತರ ಭೂತಗನ್ನಡಿ ನಿಂತಿತು. ಕಣ್ಣಲ್ಲಿ ನೀರಾಡಿತು.

“ಇದೇ.”

“ಖಂಡಿತಾನಾ ಸಾರ್?” ಎಂದ ಮುಖ್ಯಸ್ಥ.

“ಈ ತಗ್ಗು ನೋಡಿ. ಬೇಟೆ ಹಿಂದೆ ಓಡಿ ಓಡಿ ಸವೆದದ್ದು. ಪ್ಲಾಸ್ಟರಲ್ಲಿ ಇದನ್ನ ಮಾಡೋ ಕೈ ಇನ್ನೂ ಹುಟ್ಟಿಲ್ಲ.”

ಮುಖ್ಯಸ್ಥ ಆಫೀಸೆಂಬುದನ್ನೂ ಮರೆತು ಭಾಮೈದನನ್ನು ಅಪ್ಪಿಕೊಂಡ. “ಬದುಕಿಕೊಂಡೆ ಕಣೋ. ನಾಳೆ ಹೊತ್ತಿಗೆ ಸರಿಯಾಗಿ ಬಾ.”

ಹಿಂದಿನ ಸೋಮವಾರ ಧೂಳು ಒರೆಸುವಾಗ ಅಸಲಿ ಗೊರಸು ಕೈಜಾರಿ ಪುಡಿಪುಡಿಯಾದಾಗ, ಅಂಥದ್ದೇ ಇನ್ನೊಂದನ್ನು ಅಚ್ಚು ಹಾಕುವ ಆತುರದಲ್ಲಿ ಹಸಿ ಪ್ಲಾಸ್ಟರಿಗೆ ಒತ್ತಿಹೋದ ಭಾಮೈದನ ಹೆಬ್ಬೆರಳಿನ ಗುರುತೇ ಆ ತಗ್ಗು. ಹದಿನಾರಕ್ಕೂ ಬಣ್ಣ ಬಳಿಯುವ ಉಪಾಯ ಹೊಳೆದದ್ದು ಆಮೇಲೆ.