ಒತ್ತಿದ ಮೇಲೆ ಬರುವ ಸ್ವರ

"ಒತ್ತಿದ ಮೇಲೆ ಸ್ವರ ಬರೋಕೆ ಇಷ್ಟ್ಹೊತ್ತಾ? ಬಸ್ಸಲ್ಲಿ ಬರ್ತಾ ಐತಾ?" ಎಂದ ಬೀರೇಶ್. ರಿದಂ ಪ್ಯಾಡಿನ ಮೇಲೆ ಅವನ ಕೈ ತಾಳ ತಪ್ಪಿ ನಿಂತಿತ್ತು.

ತಂಡದ ಮಾಸ್ಟ್ರು ಆದಿನಾರಾಯಣಪ್ಪ ಮಾತ್ರ ಕೀಬೋರ್ಡಿನಿಂದ ತಲೆಯೆತ್ತಿ ನಕ್ಕರು. "ಚೆನ್ನಾಗೈತೆ. ಇದನ್ನೇ ತಗೊಳ್ಳೋಣ."

ಮಗಳು ಶಾಮಲಾಳಿಗೆ ಅಪ್ಪನ ಮುಖ ನೋಡಲಾಗಲಿಲ್ಲ. ೧೯೯೯ರ ಆ ಭಾನುವಾರ ದೊಡ್ಡಬಳ್ಳಾಪುರದ ಅವರ ಆರ್ಕೆಸ್ಟ್ರಾ ತೀರ್ಮಾನಿಸಬೇಕಿತ್ತು: ಹಳೆಯ ಸಿಂಥಸೈಜರ್ ಬಿಟ್ಟು, ಕಂಪ್ಯೂಟರಿನೊಳಗೇ ಸ್ವರ ಹುಟ್ಟಿಸುವುದಾದರೆ ಪಿಸಿಯೋ, ಮ್ಯಾಕೋ? ವಾದ್ಯಗಳು ಪ್ಲಗ್‌ಇನ್ ಎಂಬ ಸಾಫ್ಟ್‌ವೇರ್ ತುಣುಕುಗಳಾಗಿ ಬರುತ್ತವೆ. ಒಂದರ ಪ್ಲಗ್‌ಇನ್ ಇನ್ನೊಂದರಲ್ಲಿ ಕೂರುವುದಿಲ್ಲ. ಆಯ್ಕೆ ತಪ್ಪಿದರೆ ತಂಡ ಒಡೆಯುತ್ತದೆ.

ಪಿಸಿ ಜೋಡಿಸಿ ತಂದವನು ಹರಿಪ್ರಸಾದ್. ಅಪ್ಪನ ಷಡ್ಡಕನ ಮಗ. ಪಕ್ಕದಲ್ಲೇ ಬಾಡಿಗೆಗೆ ತಂದ ಮ್ಯಾಕ್ ಇತ್ತು.

"ಮಾಸ್ಟ್ರು ನೆಂಟಸ್ತಿಕೆ ನೋಡ್ತಾವ್ರೆ." ಬೀರೇಶ್ ಅಪ್ಪನ ಬೆನ್ನ ಹಿಂದೆ ನಿಂತೇ ಅಂದ. ಅಪ್ಪ ತಿರುಗಲಿಲ್ಲ. ಅದು ದೊಡ್ಡತನವೋ, ಅಳುಕೋ? ಶಾಮಲಾ ದುಪಟ್ಟಾದ ತುದಿ ತಿರುಚಿದಳು. ಕೊನೆಗೆ ಅಪ್ಪನ ಎದುರಿಗೆ ಹೋದಳು.

"ಯಾಕಪ್ಪ, ಇದೇ ಯಾಕೆ?"

ಅಪ್ಪ ಎಂದಿನಂತೆ ಅವಳ ತುಟಿಯನ್ನೇ ನೋಡಿದರು. ಪವರ್‌ಲೂಮಿನ ಗದ್ದಲದಲ್ಲಿ ಬಾಳು ಸವೆಸಿದವರ ಅಭ್ಯಾಸ. ಮಗ್ಗದ ಬೀದಿಯಲ್ಲಿ ಎಲ್ಲರೂ ಹಾಗೆಯೇ.

"ಇದ್ರಲ್ಲಿ ಒತ್ತಿದ ಕೀ ಪರದೆ ಮೇಲೂ ಬೆಳಗ್ತದೆ ಕಣಮ್ಮ. ನೋಡೋಕೆ ಅಂದ."

ಬೀರೇಶ್ ಮುಂದೆ ಬಂದು ನಿಂತ. "ಅಂದ ನೋಡೋಕಾದ್ರೆ ಟೀವಿ ತಗೊಳ್ಳಿ ಮಾಸ್ಟ್ರೇ. ಮ್ಯಾಕೂ ಒಂದ್ಸಲ ನುಡ್ಸಿ. ಆಮೇಲೂ ಇದೇ ಅಂದ್ರೆ, ನಾಳೆಯಿಂದ ನಾನು ಬರಲ್ಲ."

"ಆಯ್ತಪ್ಪಾ, ನುಡ್ಸಿದ್ರಾಯ್ತು."

ಶಾಮಲಾ ಕೀಬೋರ್ಡನ್ನು ಮ್ಯಾಕಿಗೆ ಸೇರಿಸಿ, ವಿಎಸ್‌ಟಿ ಎಂಬ ಬಗೆಯ ಪ್ಲಗ್‌ಇನ್ನಿನ ವಾದ್ಯವೊಂದನ್ನು ತೆರೆದಳು. ಪರದೆಯ ಮೇಲೆ ಕೀಗಳ ಸಾಲು ಮೂಡಿತು. ಅವಳು ಮೇಜಿನ ಹಿಂದಕ್ಕೆ ಬಗ್ಗುವಷ್ಟರಲ್ಲಿ ಅಪ್ಪ ಶುರುಮಾಡಿಯೇಬಿಟ್ಟರು. ಕಣ್ಣು ಪರದೆಯ ಮೇಲೆ. ಪಲ್ಲವಿ ಮುಗಿಸಿ ಚರಣಕ್ಕೆ ಹೋದರು. ಬೆರಳು ಒಂದೂ ತಪ್ಪಲಿಲ್ಲ.

ಬೀರೇಶ್ ಒಮ್ಮೆ ಸ್ಪೀಕರಿನತ್ತ, ಒಮ್ಮೆ ಮಾಸ್ಟ್ರ ಬೆರಳುಗಳತ್ತ ನೋಡಿದ. ಹರಿಪ್ರಸಾದ್ ತಲೆ ತಗ್ಗಿಸಿದ.

"ಹೌದು ಕಣೋ ಬೀರೇಶ, ನೀನು ಹೇಳಿದ್ದೇ ಸರಿ," ಅಪ್ಪ ತೃಪ್ತಿಯಿಂದ ಕೈಯೆತ್ತಿದರು. "ಇದ್ರಲ್ಲಿ ಒತ್ತಿದ ತಕ್ಷಣ ಬರ್ತದೆ. ನಾದಾನೂ ಮೆತ್ತಗೈತೆ. ಇದೇ ಆಗ್ಲಿ."

ಆ ಕೋಣೆಯಲ್ಲಿದ್ದ ಒಂದೇ ಸ್ಪೀಕರಿನ ವೈರು ಮ್ಯಾಕಿಗೆ ಸೇರದೆ ಇನ್ನೂ ಶಾಮಲಾಳ ಕೈಯಲ್ಲೇ ಇತ್ತು.