ರಾಹುಕಾಲ ಕಳೆದ ಮೇಲೆ

"ಇವತ್ತು ಭಾನುವಾರ, ನಾಲ್ಕೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಕೈ ಹಚ್ಚಿಬಿಡಪ್ಪ," ಎಂದು ಶೇಷಗಿರಿ ಅವಸರಪಡಿಸಿದರು. ಆರ್.ಟಿ. ನಗರದಿಂದ ಬಂದ ಕಂಪ್ಯೂಟರ್ ರಿಪೇರಿಯ ಮುಬಶ್ಶಿರ್ ಚಪ್ಪಲಿ ಬಿಟ್ಟವನೇ ಕೂತ. ಹಳೆಯ ಮೇಲ್‌ಗಳೆಲ್ಲ ತುಂಬಿಕೊಂಡು, ನಾಲ್ಕು ವರ್ಷದಿಂದ ತೆರೆದುಕೊಳ್ಳದ ಫೈಲು ಅದು. ಕೆಡದೆ ಏನಾದೀತು? ಬ್ಯಾಂಕಿನವರ ಯುಗಾದಿ ಶುಭಾಶಯವನ್ನೂ ಅಳಿಸದ ಪುಣ್ಯಾತ್ಮ ಶೇಷಗಿರಿ.

ಬೇಕಾಗಿದ್ದದ್ದು ಒಂದೇ ಮೇಲ್. ಹದಿನಾರು ವರ್ಷದ ಹಿಂದೆ ಯಲಹಂಕದ ಈ ಮನೆಯ ಗೃಹಪ್ರವೇಶಕ್ಕೆಂದು, ಆಗ ಪುಣೆಯಲ್ಲಿದ್ದ ಬಾಮೈದ ಅಶ್ವತ್ಥನಿಗೆ ಬರೆದ ಕರೆಯೋಲೆ. ಕರೆಯೋಲೆ ಬಂದೇ ಇಲ್ಲ ಎಂದು ಅವನೆಂದ, ಕಳಿಸಿದ್ದೇನೆ ಎಂದು ಇವರೆಂದರು. ಸೀತಾ ಗಂಡನನ್ನು ನಂಬಿ ಒಡಹುಟ್ಟಿದವನ ಮೇಲೆ ಹರಿಹಾಯ್ದರು. ಅಂದಿಗೆ ಅಕ್ಕ ತಮ್ಮನ ಮಾತು ನಿಂತಿತು. ಫೈಲು ಚೆನ್ನಾಗಿದ್ದಾಗ ಶೇಷಗಿರಿ, "ಸಾಕ್ಷಿ ತೋರ್ಸೋಕೆ ನಾನೇನು ಕೋರ್ಟಲ್ಲಿ ನಿಂತಿದ್ದೀನಾ?" ಎನ್ನುತ್ತಿದ್ದರು. ಕೆಟ್ಟ ಮೇಲೆ, "ಇದ್ದಿದ್ರೆ ತೋರಿಸ್ತಿದ್ದೆ" ಎನ್ನತೊಡಗಿದರು.

ಈಗ ಅಶ್ವತ್ಥ ಇರುವುದು ಚಿಕ್ಕಬಾಣಾವರದಲ್ಲಿ. ಮುಂದಿನ ತಿಂಗಳು ಅವನ ಮಗಳು ನಯನಾಳ ಮದುವೆ. ಸುದ್ದಿ ಕೇಳಿದಂದಿನಿಂದ ಸೀತಾಗೆ ಊಟ ಸೇರುತ್ತಿರಲಿಲ್ಲ. "ಮೇಲ್ ಸಿಗ್ಲಿ, ಪ್ರಿಂಟ್ ತೆಗೆದು ಅವನ ಮುಂದೆ ಹಿಡೀತೀನಿ," ಎಂದು ಮುಬಶ್ಶಿರನನ್ನು ಕರೆಸಿದವರು ಅವರೇ. ಇವತ್ತು ತಾನು ಗೆದ್ದೆ ಎಂದು ಶೇಷಗಿರಿ ಮೀಸೆಯಲ್ಲೇ ನಗುತ್ತಿದ್ದರು.

ಐದು ಗಂಟೆ ದಾಟಿತ್ತು. "ಬಂತು ಸಾರ್! ಫೈಲ್ ಕೆಟ್ಟಿತ್ತು ಅಷ್ಟೇ, ಒಳಗಿನ ಮೇಲ್‌ಗಳಿಗೆ ಏನೂ ಆಗಿಲ್ಲ."

"ಅಶ್ವತ್ಥ ಅಂತ ಹುಡುಕಪ್ಪ."

ಮುಬಶ್ಶಿರ್ ಹುಡುಕಿದ. ಕತ್ತು ಕೆರೆದುಕೊಂಡ. "ಇದೆ ಸಾರ್. ಆದ್ರೆ ಡ್ರಾಫ್ಟಲ್ಲಿದೆ. ಬರೆದಿಟ್ಟಿದ್ದೀರ, ಕಳ್ಸಿಲ್ಲ."

ಸೀತಾ ಕನ್ನಡಕ ಏರಿಸಿ, ಬರೆದಿಟ್ಟ ಸಮಯ ಓದಿದರು: ಶುಕ್ರವಾರ, ಬೆಳಗ್ಗೆ ಹನ್ನೊಂದು ಹತ್ತು. ಶೇಷಗಿರಿಗೆ ಎಲ್ಲವೂ ನೆನಪಾಯಿತು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಶುಭಕಾರ್ಯದ ಕರೆಯೋಲೆ, ಹನ್ನೆರಡು ಕಳೆದ ಮೇಲೆ ಕಳಿಸಿದರಾಯಿತು ಎಂದು ಎತ್ತಿಟ್ಟಿದ್ದರು. ಹನ್ನೆರಡೂವರೆಗೆ ಊಟ. ಆಮೇಲೆ ನಿದ್ದೆ.

"ನಿಮ್ಮ ಮಾತು ಕಟ್ಕೊಂಡು ನನ್ನ ತಮ್ಮನ್ನ ಸುಳ್ಳುಬುರುಕ ಅಂದೆನಲ್ರೀ!" ಸೀತಾ ಗಂಡನ ಕಡೆ ತಿರುಗಿದರು. ಶೇಷಗಿರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸೀತಾ ಮೌಸ್ ಹಿಡಿದರು. "ಕಳ್ಸೋಕೆ ಎಲ್ಲಿ ಒತ್ಬೇಕಪ್ಪ?"

"ಲೇ, ಈಗಲೂ ರಾಹು..." ಎಂದ ಶೇಷಗಿರಿ, ಹೆಂಡತಿಯ ಮುಖ ನೋಡಿ ತಾವೇ ಒತ್ತುವ ಜಾಗ ತೋರಿಸಿದರು. ಮೇಲ್ ಹೋಯಿತು.

"ಆ ಅಡ್ರೆಸ್ ಈಗ್ಲೂ ಇರುತ್ತೋ ಇಲ್ವೋ ಅಮ್ಮಾ," ಎನ್ನುತ್ತಾ ಮುಬಶ್ಶಿರ್ ವೈರು ಸುತ್ತಿಕೊಳ್ಳುತ್ತಿದ್ದಾಗಲೇ ಸೀತಾ ಮೊಬೈಲು ಬಡಿದುಕೊಂಡಿತು.

"ಸೀತಕ್ಕಾ," ಎಂದಿತು ಹದಿನಾರು ವರ್ಷ ಕೇಳದ ದನಿ. "ಭಾವನ ಕರೆಯೋಲೆ ಈಗ ಬಂತು. ಗೃಹಪ್ರವೇಶದ ಊಟ ಏನಾದ್ರೂ ಉಳಿದಿದ್ಯಾ?"

"ಬಾರೋ, ಬಿಸಿಯಾಗಿ ಮಾಡ್ತೀನಿ," ಎನ್ನುವಷ್ಟರಲ್ಲಿ ಸೀತಾ ನಗುತ್ತಲೇ ಅತ್ತುಬಿಟ್ಟರು. ಫೋನಿಟ್ಟವರೇ ಗಂಡನ ಕೈಗೆ ಚೀಲ ತುರುಕಿದರು. "ಬದನೆಕಾಯಿ ತನ್ನಿ. ವಾಂಗಿಬಾತ್ ಅಂದ್ರೆ ಅವನಿಗೆ ಪ್ರಾಣ."

ರಾಹುಕಾಲ ಮುಗಿಯಲು ಇನ್ನೂ ಅರ್ಧ ಗಂಟೆಯಿತ್ತು. ಶೇಷಗಿರಿ ಗಡಿಯಾರದ ಕಡೆ ಕತ್ತೂ ತಿರುಗಿಸದೆ ಮೆಟ್ಟಿಲಿಳಿದರು.